ಸಬ್ಬತ್: ಮನೆಯೂ ಸಭೆಯೂ ಒಟ್ಟಿಗೆ ಬಿಡುವು ಪಡೆಯುವ ದಿನ

ವಾರದ ಏಳು ದಿನಗಳಲ್ಲಿ ಒಂದನ್ನು ದುಡಿಮೆಯಿಂದ ಬೇರೆ ಮಾಡಿ ದೇವರಿಗೆ ಮೀಸಲಿಡುವ ಯೆಹೂದ್ಯರ ಆಚರಣೆಯೇ ಸಬ್ಬತ್. ಶುಕ್ರವಾರ ಹೊತ್ತು ಮುಳುಗುವ ಸ್ವಲ್ಪ ಮೊದಲು ಅದು ಆರಂಭವಾಗುತ್ತದೆ, ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಂಡಾಗ ಮುಗಿಯುತ್ತದೆ. ಒಟ್ಟು ಸುಮಾರು 25 ಗಂಟೆ. ಕ್ರೈಸ್ತರ ಭಾನುವಾರಕ್ಕೆ ಮೂಲ ಇದೇ. ಇಂದು ಲೋಕದ ಬಹುಪಾಲು ಜನ ಪಡೆಯುವ ವಾರದ ರಜೆಯ ಬೇರೂ ಇಲ್ಲಿದೆ. ಆದರೆ ರಜೆ ಬೇರೆ, ಸಬ್ಬತ್ ಬೇರೆ. ರಜೆ ಒಬ್ಬೊಬ್ಬರಿಗೆ ಸಿಗುವಂಥದು. ಸಬ್ಬತ್ತನ್ನು ಮನೆಯವರು, ಆಳುಕಾಳು, ದನಕರು, ನೆರೆಹೊರೆ ಎಲ್ಲ ಸೇರಿ ಹಿಡಿಯಬೇಕು. ಎರಡು ಸಾವಿರಕ್ಕೂ ಹೆಚ್ಚು ವರ್ಷ ಈ ಆಚರಣೆ ಬಾಳಿದ್ದು ಹೀಗೆ ಎಲ್ಲರೂ ಒಟ್ಟಿಗೆ ಹಿಡಿದುದರಿಂದಲೇ ಹೊರತು ಒಬ್ಬೊಬ್ಬರ ಛಲದಿಂದಲ್ಲ.

ಮೋಶೆಗೆ ಸೀನಾಯಿ ಬೆಟ್ಟದಲ್ಲಿ ದೊರೆತವೆಂದು ನಂಬಲಾದ ದಶಾಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ. ಸಬ್ಬತ್ತಿಗೆ ಆ ಎರಡೂ ಕಡೆ ಕೊಟ್ಟಿರುವ ಕಾರಣ ಒಂದೇ ಅಲ್ಲ. ವಿಮೋಚನಕಾಂಡದ 20ನೆಯ ಅಧ್ಯಾಯ ಸೃಷ್ಟಿಯತ್ತ ಕೈ ತೋರುತ್ತದೆ: ದೇವರು ಆರು ದಿನಗಳಲ್ಲಿ ಲೋಕವನ್ನು ಉಂಟುಮಾಡಿ ಏಳನೆಯ ದಿನ ವಿಶ್ರಮಿಸಿದನು, ಆದ್ದರಿಂದ ಮನುಷ್ಯನೂ ವಿಶ್ರಮಿಸಬೇಕು. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಗುಲಾಮಗಿರಿಯನ್ನು ನೆನಪಿಸುತ್ತದೆ: ಇಸ್ರಾಯೇಲ್ಯರು ಐಗುಪ್ತದಲ್ಲಿ ದಾಸರಾಗಿದ್ದವರು, ಅಲ್ಲಿಂದ ಬಿಡುಗಡೆ ಪಡೆದವರು, ಆದ್ದರಿಂದ ತಮ್ಮ ಮನೆಯ ದಾಸದಾಸಿಯರಿಗೂ ತಮ್ಮಷ್ಟೇ ಬಿಡುವು ಕೊಡಬೇಕು. ಮೊದಲನೆಯ ಕಾರಣಕ್ಕೆ ದೈವಿಕ ಗಾಂಭೀರ್ಯವಿದೆ. ಎರಡನೆಯದರಲ್ಲಿ ನ್ಯಾಯವಿದೆ, ಆಚರಣೆಯ ಜೀವವೂ ಅದರಲ್ಲೇ ಇದೆ. ಗುಲಾಮನಿಗೆ ಸ್ವಂತ ಸಮಯವೆಂಬುದಿಲ್ಲ. ಯಾವ ದಿನ ಏನು ಮಾಡಬೇಕೆಂದು ತೀರ್ಮಾನಿಸುವವನು ಒಡೆಯ. ವಾರಕ್ಕೊಂದು ದಿನ ಯಾವ ಒಡೆಯನೂ ಕೇಳಲಾಗದ ಸಮಯವನ್ನು ಪಡೆಯುವುದೇ ಬಿಡುಗಡೆಯಾದವನ ಗುರುತು.

ಆಜ್ಞೆಯಲ್ಲಿ ಯಾರು ಯಾರಿಗೆ ಬಿಡುವು ಎಂಬ ಪಟ್ಟಿಯೇ ಇದೆ: ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಉಳಿದ ದನಕರು, ನಿನ್ನ ಊರಿನಲ್ಲಿರುವ ಪರದೇಶಿ. ಕೂಲಿಯಾಳು, ಹೊರಗಿನವನು, ಮಾತು ಬಾರದ ಪ್ರಾಣಿ ಇವರೆಲ್ಲರ ದಣಿವನ್ನೂ ಯಜಮಾನನ ದಣಿವಿನ ಸಾಲಿನಲ್ಲೇ ಎಣಿಸಿದ ವಿಧಿ ಇದು. ಇದೇ ತತ್ತ್ವ ಮುಂದೆ ಭೂಮಿಗೂ ಸಾಲಕ್ಕೂ ಹಬ್ಬಿತು: ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕೆಂದು ಯಾಜಕಕಾಂಡ, ಬಡವನ ಸಾಲ ಮನ್ನಾ ಮಾಡಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತವೆ.

ಇಂಥ ವಿಧಿಯನ್ನು ಬರೆದಿಡುವುದು ಸುಲಭ, ನಡೆಸುವುದು ಕಷ್ಟ. ಸಬ್ಬತ್ ಯಾವಾಗ ಮುಗಿದೀತು, ಕಳ್ಳ ತಕ್ಕಡಿಯಲ್ಲಿ ಧಾನ್ಯ ಮಾರುವುದು ಯಾವಾಗ ಎಂದು ಕಾಯುವ ವ್ಯಾಪಾರಿಗಳನ್ನು ಕ್ರಿ.ಪೂ. 8ನೆಯ ಶತಮಾನದಲ್ಲೇ ಪ್ರವಾದಿ ಆಮೋಸ ಖಂಡಿಸಿದ್ದ. ಬಾಬಿಲೋನಿನ ಸೆರೆಯಿಂದ ಜನ ಮರಳಿದ ಮೇಲೆ, ಕ್ರಿ.ಪೂ. 5ನೆಯ ಶತಮಾನದಲ್ಲಿ, ಯೆರೂಸಲೇಮಿನ ಅಧಿಪತಿಯಾಗಿದ್ದ ನೆಹೆಮೀಯ ಕಂಡದ್ದೂ ಇದನ್ನೇ. ಸಬ್ಬತ್ ದಿನ ದ್ರಾಕ್ಷಿ ತುಳಿಯುತ್ತಿದ್ದರು, ಕತ್ತೆಗಳ ಮೇಲೆ ಹೊರೆ ಹೇರಿ ತರುತ್ತಿದ್ದರು. ತೂರ್ ಪಟ್ಟಣದ ವ್ಯಾಪಾರಿಗಳು ಮೀನು ತಂದು ಮಾರುತ್ತಿದ್ದರು. ಆತ ಜನರಿಗೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಸಬ್ಬತ್ತಿನ ಮುನ್ನಾದಿನ ಸಂಜೆ ಕತ್ತಲಾಗುತ್ತಲೇ ಪಟ್ಟಣದ ಬಾಗಿಲುಗಳನ್ನು ಮುಚ್ಚಿಸಿ ಕಾವಲು ಹಾಕಿಸಿದ. ವ್ಯಾಪಾರಿಗಳು ಒಂದೆರಡು ಸಲ ಹೊರಗೇ ರಾತ್ರಿ ಕಳೆದರು, ಆಮೇಲೆ ಬರುವುದನ್ನು ಬಿಟ್ಟರು. ಪೇಟೆ ತೆರೆದಿದ್ದರೆ ಅಂಗಡಿಯವನು ಬಾಗಿಲು ಹಾಕುವುದು ಕಷ್ಟ. ಪಕ್ಕದ ಅಂಗಡಿ ಗಿರಾಕಿಯನ್ನು ಸೆಳೆಯುತ್ತದೆ. ಎಲ್ಲರೂ ಮುಚ್ಚಿದಾಗ ಯಾರಿಗೂ ನಷ್ಟವಿಲ್ಲ. ನೆಹೆಮೀಯನಿಗೆ ಇದು ಚೆನ್ನಾಗಿ ತಿಳಿದಿತ್ತು.

ಕೆಲಸ ಮಾಡಬಾರದು ಎನ್ನುವ ಬೈಬಲ್, ಕೆಲಸ ಎಂದರೆ ಯಾವುದು ಎಂದು ಬಿಡಿಸಿ ಹೇಳುವುದಿಲ್ಲ. ಆ ಕೊರತೆಯನ್ನು ತುಂಬಿದವರು ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳು. ಸುಮಾರು ಕ್ರಿ.ಶ. 200ರಲ್ಲಿ ಯೆಹೂದ ಹನಾಸಿ ಸಂಕಲಿಸಿದ ಮಿಷ್ನಾ ಗ್ರಂಥ 39 ಬಗೆಯ ಕೆಲಸಗಳನ್ನು ಹೆಸರಿಸುತ್ತದೆ. ಉಳುವುದು, ಬಿತ್ತುವುದು, ಕೊಯ್ಯುವುದು, ತೂರುವುದು, ಬೀಸುವುದು, ನಾದುವುದು, ಬೇಯಿಸುವುದು, ಉಣ್ಣೆ ಕತ್ತರಿಸುವುದು, ನೂಲುವುದು, ನೇಯುವುದು, ಗಂಟು ಹಾಕುವುದು, ಬಿಚ್ಚುವುದು, ಎರಡಕ್ಷರ ಬರೆಯುವುದು, ಕಟ್ಟುವುದು, ಕೆಡಹುವುದು, ಬೆಂಕಿ ಹೊತ್ತಿಸುವುದು, ಆರಿಸುವುದು, ಮನೆಯಿಂದ ಬೀದಿಗೆ ವಸ್ತು ಸಾಗಿಸುವುದು. ಮರುಭೂಮಿಯಲ್ಲಿ ದೇವದರ್ಶನ ಗುಡಾರವನ್ನು ಕಟ್ಟಲು ಬೇಕಾದ ಕೆಲಸಗಳೇ ಇವು ಎಂಬುದು ರಬ್ಬಿಗಳ ವಿವರಣೆ. ಪವಿತ್ರವಾದ ಆ ಕಟ್ಟೋಣವೂ ಏಳನೆಯ ದಿನ ನಿಲ್ಲಬೇಕಿದ್ದರೆ ಮಿಕ್ಕ ಕೆಲಸಗಳ ಮಾತೇನು?

ಈ ಪಟ್ಟಿಯಲ್ಲಿ ಶ್ರಮಕ್ಕೆ ಅಳತೆಯಿಲ್ಲ. ಮನೆಯೊಳಗೆ ಭಾರದ ಮೇಜನ್ನು ಸರಿಸಬಹುದು, ಬೆಂಕಿಕಡ್ಡಿ ಗೀರುವಂತಿಲ್ಲ. ಬೆವರು ಬಂತೇ ಎಂದು ಯಾರೂ ಕೇಳುವುದಿಲ್ಲ; ಲೋಕವನ್ನು ಮನುಷ್ಯನ ಕೈ ಮಾರ್ಪಡಿಸಿತೇ ಎಂಬುದಷ್ಟೇ ಪ್ರಶ್ನೆ. ಲೋಕದ ಒಡೆತನ ತನ್ನದಲ್ಲ ಎಂದು ಮನುಷ್ಯ ಒಪ್ಪಿಕೊಳ್ಳುವ ದಿನವಿದು ಎಂದು 19ನೆಯ ಶತಮಾನದ ಜರ್ಮನಿಯಲ್ಲಿ ರಬ್ಬಿ ಸ್ಯಾಮ್ಸನ್ ರಫಾಯೆಲ್ ಹಿರ್ಶ್ ವಿವರಿಸಿದರು. ಮನುಷ್ಯನೂ ಪ್ರಕೃತಿಯೂ ಒಂದು ದಿನ ಒಬ್ಬರನ್ನೊಬ್ಬರು ಕದಡದೆ ಇರುವ ಸ್ಥಿತಿಯನ್ನು ಇದರಲ್ಲಿ ಕಂಡವರು ಮನಶ್ಶಾಸ್ತ್ರಜ್ಞ ಎರಿಕ್ ಫ್ರಾಮ್. ಯೆಹೂದ್ಯ ಚಿಂತಕ ಅಬ್ರಹಾಂ ಜೋಶುವಾ ಹೆಶೆಲ್ 1951ರಲ್ಲಿ ಪ್ರಕಟಿಸಿದ ‘ದಿ ಸಬ್ಬತ್’ ಎಂಬ ಕಿರುಪುಸ್ತಕದಲ್ಲಿ, ಯೆಹೂದ್ಯ ಧರ್ಮ ಸ್ಥಳಗಳಿಗಿಂತ ಕಾಲವನ್ನು ಪವಿತ್ರಗೊಳಿಸುವ ಧರ್ಮ ಎಂದು ವಾದಿಸಿದರು. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ನೆಲಸಮ ಮಾಡಿದ ಮೇಲೆ ಊರೂರು ಅಲೆದ ಸಮುದಾಯವೊಂದು ಚೆದುರದೆ ಉಳಿದ ಬಗೆಯನ್ನು ಹೆಶೆಲರ ವಾದ ಬಹಳಮಟ್ಟಿಗೆ ವಿವರಿಸುತ್ತದೆ. ದೇವಾಲಯವನ್ನು ಕೆಡವಬಹುದು, ಶುಕ್ರವಾರದ ಸಂಜೆಯನ್ನು ಕೆಡವಲಾಗದು.

ಆ ಸಂಜೆ ನಡೆಯುವುದು ಮನೆಯಲ್ಲಿ. ಅಡುಗೆ, ಕಸಮುಸುರೆ, ಸ್ನಾನ ಎಲ್ಲವೂ ಹೊತ್ತು ಮುಳುಗುವ ಮೊದಲೇ ಮುಗಿಯಬೇಕು. ಸೂರ್ಯಾಸ್ತಕ್ಕೆ ಸಾಮಾನ್ಯವಾಗಿ 18 ನಿಮಿಷ ಮೊದಲು ಮನೆಯಾಕೆ ದೀಪ ಹಚ್ಚಿ, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾಳೆ. ಕನಿಷ್ಠ ಎರಡು ದೀಪ ಹಚ್ಚುವುದು ವಾಡಿಕೆ. ತಂದೆತಾಯಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಲ್ಲಿರುವ ಗುಣವತಿ ಸ್ತ್ರೀಯ ಪ್ರಶಂಸೆಯನ್ನು ಹಾಡುತ್ತಾರೆ. ದ್ರಾಕ್ಷಾರಸದ ಬಟ್ಟಲು ಹಿಡಿದು ದಿನವನ್ನು ಪವಿತ್ರವೆಂದು ಸಾರುವ ಕಿದ್ದುಷ್ ಪ್ರಾರ್ಥನೆಯಾದ ಮೇಲೆ ಎರಡು ರೊಟ್ಟಿಗಳನ್ನು ಮುರಿಯುತ್ತಾರೆ. ಮರುಭೂಮಿಯಲ್ಲಿ ದೇವರು ಕೊಟ್ಟ ‘ಮನ್ನಾ’ ಎಂಬ ಆಹಾರ ಆರನೆಯ ದಿನ ಎರಡರಷ್ಟು ದೊರೆಯುತ್ತಿತ್ತು, ಏಳನೆಯ ದಿನ ಹುಡುಕಿಕೊಂಡು ಹೋದವರಿಗೆ ಏನೂ ಸಿಗಲಿಲ್ಲ ಎಂಬ ಕಥೆಯ ನೆನಪು ಆ ಎರಡು ರೊಟ್ಟಿಗಳಲ್ಲಿದೆ. ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ಮರುದಿನದ ಬಿಸಿಯೂಟಕ್ಕೆ ಮೊದಲೇ ಮಂದ ಉರಿಯ ಮೇಲೆ ಪಾತ್ರೆಯಿಟ್ಟು ರಾತ್ರಿಯಿಡೀ ಬೇಯಲು ಬಿಡುತ್ತಾರೆ. ಪೂರ್ವ ಯೂರೋಪಿನವರ ಚೋಲೆಂಟ್, ಇರಾಕಿನವರ ತಬೀತ್ ಹುಟ್ಟಿದ್ದು ಹೀಗೆ. ದಿನಕ್ಕೆ ಮೂರು ಊಟ ವಿಧಿ. ಉಪವಾಸದ ವ್ರತಗಳಿಗೆ ಒಗ್ಗಿದವರಿಗೆ ಇದು ಸೋಜಿಗವೆನಿಸಬಹುದು. ಸಬ್ಬತ್ ಸಂತೋಷದ ದಿನವಾಗಬೇಕೆಂದು ಪ್ರವಾದಿ ಯೆಶಾಯ ಹೇಳಿದ ಮಾತನ್ನು ಯೆಹೂದ್ಯ ಸಂಪ್ರದಾಯ ಊಟದ ಎಲೆಯಿಂದಲೇ ಪಾಲಿಸುತ್ತದೆ.

ಆಜ್ಞೆಯ ಪಟ್ಟಿಯಲ್ಲಿ ಮಗ, ಮಗಳು, ದಾಸಿ ಎಲ್ಲರ ಹೆಸರಿದೆ, ಹೆಂಡತಿಯ ಹೆಸರು ಮಾತ್ರ ಬೇರೆಯಾಗಿ ಇಲ್ಲ. ‘ನೀನು’ ಎಂಬುದರಲ್ಲಿ ಗಂಡಹೆಂಡಿರಿಬ್ಬರೂ ಸೇರಿದ್ದಾರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ವ್ಯಾಖ್ಯಾನ ಸರಿಯಿದ್ದೀತು. ಆದರೆ ಮೂರು ಊಟದ ಅಡುಗೆ, ಒಗೆತ, ಸಾರಣೆ ಎಲ್ಲ ಶುಕ್ರವಾರವೇ ಒಬ್ಬಳ ತಲೆಯ ಮೇಲೆ ಬಿದ್ದರೆ, ಮನೆಯವರ ಬಿಡುವಿಗೆ ಬೆಲೆ ತೆತ್ತವಳು ಅವಳೇ ಆಗುತ್ತಾಳೆ. ದೊಡ್ಡ ವಿದ್ವಾಂಸರೂ ಸಬ್ಬತ್ತಿಗಾಗಿ ಸೌದೆ ಸೀಳಿದರು, ಮೀನಿಗೆ ಉಪ್ಪು ಹಚ್ಚಿದರು ಎಂದು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಹೆಸರು ಹಿಡಿದು ಹೇಳುತ್ತದೆ. ಸಿದ್ಧತೆಗೆ ಕೈ ಹಾಕುವುದು ಯಾರ ಅಂತಸ್ತಿಗೂ ಕಡಿಮೆಯಲ್ಲ ಎಂಬುದು ಅದರ ತಾತ್ಪರ್ಯ. ಗಂಡಸರು ಈ ಮಾದರಿಯನ್ನು ಗಂಭೀರವಾಗಿ ತೆಗೆದುಕೊಂಡ ಮನೆಯಲ್ಲಿ ಮಾತ್ರ ಆಜ್ಞೆ ಪೂರ್ತಿಯಾಗಿ ನೆರವೇರುತ್ತದೆ.

ಸಬ್ಬತ್ತಿನ ಇನ್ನೊಂದು ನೆಲೆ ಸಭಾಮಂದಿರ. ಶುಕ್ರವಾರ ಸಂಜೆಯ ಆರಾಧನೆಯಲ್ಲಿ ಹಾಡುವ ‘ಲೆಖಾ ದೋದಿ’ಯನ್ನು 16ನೆಯ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಿನ ಶ್ಲೋಮೋ ಅಲ್ಕಬೆಟ್ಸ್ ರಚಿಸಿದರು. ಅದರಲ್ಲಿ ಸಬ್ಬತ್ತೇ ಮದುವಣಗಿತ್ತಿ. ಕೊನೆಯ ನುಡಿ ಹಾಡುವಾಗ ಸಭೆಯವರೆಲ್ಲ ಬಾಗಿಲ ಕಡೆಗೆ ತಿರುಗಿ ಆಕೆಯನ್ನು ಎದುರುಗೊಳ್ಳುತ್ತಾರೆ. ಶನಿವಾರ ಬೆಳಿಗ್ಗೆ ಮೋಶೆಯ ಧರ್ಮಗ್ರಂಥವಾದ ತೋರಾದ ಆ ವಾರದ ಭಾಗವನ್ನು ಓದಿಸಲು ಏಳು ಮಂದಿಯನ್ನು ಕರೆಯುತ್ತಾರೆ. ಈ ಓದಿಗೆ ಕನಿಷ್ಠ ಹತ್ತು ಮಂದಿ ವಯಸ್ಕರು ಸೇರಿರಬೇಕು. ಅವರು ಗಂಡಸರೇ ಆಗಿರಬೇಕೆಂಬುದು ಸಂಪ್ರದಾಯಸ್ಥರ ನಿಯಮ, ಹೆಂಗಸರನ್ನೂ ಎಣಿಸುವ ಪಂಗಡಗಳೂ ಈಗ ಇವೆ. ಒಬ್ಬ ಎಷ್ಟೇ ಭಕ್ತನಾಗಿದ್ದರೂ ಒಂಟಿಯಾಗಿ ಈ ಆರಾಧನೆಯನ್ನು ಪೂರೈಸಲಾರ.

ಸಬ್ಬತ್ ದಿನ ವಾಹನ ಓಡಿಸುವುದೂ ಸಲ್ಲದು; ಈ ನಿಷೇಧ ಊರಿನ ವಿನ್ಯಾಸವನ್ನೇ ಬದಲಿಸುತ್ತದೆ. ಸಂಪ್ರದಾಯಸ್ಥರು ಸಭಾಮಂದಿರಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಮನೆ ಮಾಡುತ್ತಾರೆ, ಹೀಗಾಗಿ ಅಕ್ಕಪಕ್ಕದವರೆಲ್ಲ ಒಂದೇ ಸಭೆಯವರಾಗುತ್ತಾರೆ. ಊರಾಚೆಯ ಹೊಸ ಬಡಾವಣೆಗಳಿಗೆ ಹೋಗಿ ನೆಲೆಸಿದವರಿಗಾಗಿ ಅಮೆರಿಕದ ಕನ್ಸರ್ವೇಟಿವ್ ಪಂಗಡದ ರಬ್ಬಿಗಳು 1950ರಲ್ಲಿ, ಆರಾಧನೆಗೆ ಮಾತ್ರ ಕಾರಿನಲ್ಲಿ ಬರಬಹುದೆಂದು ತೀರ್ಪು ಕೊಟ್ಟರು. ಕಾರಿನ ಅನುಮತಿ ಸಭೆಯನ್ನು ಉಳಿಸಿತೋ ಚೆದುರಿಸಿತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಇದಕ್ಕಿಂತ ಸೊಗಸಾದ ಏರ್ಪಾಡು ಎರೂವ್. ಕೂಸನ್ನು ಎತ್ತಿಕೊಂಡು ಬೀದಿಗಿಳಿಯುವುದೂ ಸಾಗಣೆಯೇ ಆಗುವುದರಿಂದ, ಕಂಬಗಳಿಗೆ ತಂತಿ ಕಟ್ಟಿ ಕೇರಿಯನ್ನೆಲ್ಲ ಒಂದೇ ಆವರಣವೆಂದು ಗೊತ್ತುಮಾಡುತ್ತಾರೆ. ತಂತಿಯೊಂದೇ ಸಾಲದು. ಒಳಗಿನ ಮನೆಗಳವರ ಪರವಾಗಿ ಎಲ್ಲರಿಗೂ ಸೇರಿದ ಒಂದಿಷ್ಟು ರೊಟ್ಟಿಯನ್ನು ಒಂದೆಡೆ ತೆಗೆದಿಡಬೇಕು. ಅನ್ನದಲ್ಲಿ ಪಾಲುಗಾರರಾದವರು ಒಂದೇ ಮನೆಯವರು ಎಂಬ ತಿಳಿವಳಿಕೆ ಅದರ ಹಿಂದಿದೆ.

ಇಷ್ಟು ಬಿಗಿಯಾದ ನಿಯಮಗಳೂ ಒಂದು ಕಡೆ ದಾರಿ ಬಿಡುತ್ತವೆ. ಕ್ರಿ.ಪೂ. 2ನೆಯ ಶತಮಾನದಲ್ಲಿ ಗ್ರೀಕ್ ಅರಸ ಆಂಟಿಯೋಕಸನ ಸೈನ್ಯ ಸಬ್ಬತ್ ದಿನವೇ ಮೇಲೆ ಬಿದ್ದಾಗ, ಗುಹೆಗಳಲ್ಲಿ ಅಡಗಿದ್ದ ಭಕ್ತರು ಕೈ ಎತ್ತದೆ ಸತ್ತರು. ಸತ್ತವರು ಸುಮಾರು ಸಾವಿರ ಮಂದಿ ಎಂದು ಮಕ್ಕಬಿಯರ ಗ್ರಂಥ ಹೇಳುತ್ತದೆ. ಅದಾದ ಮೇಲೆ ಬಂಡಾಯದ ನಾಯಕ ಮತ್ತತೀಯನೂ ಅವನ ಜೊತೆಗಾರರೂ ಸಬ್ಬತ್ತಿನಲ್ಲೂ ಪ್ರಾಣರಕ್ಷಣೆಗಾಗಿ ಹೋರಾಡಬಹುದೆಂದು ತೀರ್ಮಾನಿಸಿದರು. ಮುಂದೆ ರಬ್ಬಿಗಳು ಇದನ್ನು ಸಾರ್ವತ್ರಿಕ ನಿಯಮವಾಗಿಸಿದರು: ಜೀವಕ್ಕೆ ಅಪಾಯವಿದೆಯೆಂಬ ಸಂದೇಹ ಬಂದರೂ ಸಾಕು, ಸಬ್ಬತ್ತನ್ನು ಬದಿಗಿಡಬೇಕು. ವೈದ್ಯ ಹೊರಡಲೇಬೇಕು, ಬಾಣಂತಿಗೆ ಬೆಂಕಿ ಹಾಕಲೇಬೇಕು. ಅಪ್ಪಣೆ ಕೇಳುತ್ತ ಹೊತ್ತು ಕಳೆಯುವುದೇ ತಪ್ಪು. ಹೊಲದಲ್ಲಿ ತೆನೆ ಕಿತ್ತು ತಿಂದ ಶಿಷ್ಯರ ಪರವಾಗಿ ಯೇಸು ಹೇಳಿದ ಮಾತಿನ ತಿರುಳೂ ಮನುಷ್ಯನ ಹಿತಕ್ಕಾಗಿ ಸಬ್ಬತ್ ಇದೆಯೆಂಬುದೇ, ಮತ್ತು ಅದೇ ಅರ್ಥದ ಮಾತು ರಬ್ಬಿಗಳ ಗ್ರಂಥಗಳಲ್ಲೂ ಸಿಗುತ್ತದೆ. ಆತ ಸಬ್ಬತ್ತಿನ ವಿರೋಧಿ ಎಂದು ಚಿತ್ರಿಸುವವರು ಇದನ್ನು ಗಮನಿಸಬೇಕು.

ಯೇಸುವಿನ ಪುನರುತ್ಥಾನ ವಾರದ ಮೊದಲ ದಿನ ನಡೆಯಿತೆಂಬ ನಂಬಿಕೆಯಿಂದ ಆದಿ ಕ್ರೈಸ್ತರು ಭಾನುವಾರ ಸಭೆ ಸೇರತೊಡಗಿದರು. ಆಗ ಅದು ಆರಾಧನೆಯ ದಿನವಾಗಿತ್ತು, ಬಿಡುವಿನ ದಿನವಾಗಿರಲಿಲ್ಲ. ಕ್ರಿ.ಶ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನಗರಗಳ ನ್ಯಾಯಾಲಯಗಳಿಗೂ ಕುಶಲಕರ್ಮಿಗಳಿಗೂ ಭಾನುವಾರ ಬಿಡುವು ವಿಧಿಸಿದ, ಬೇಸಾಯಗಾರರಿಗೆ ಮಾತ್ರ ಕೆಲಸ ಮುಂದುವರಿಸಲು ಅವಕಾಶ ಕೊಟ್ಟ. ಇಥಿಯೋಪಿಯದ ಆರ್ಥಡಾಕ್ಸ್ ಸಭೆ ಅರಸ ಜರಾ ಯಾಕೋಬನ ಕಾಲದಿಂದ, 15ನೆಯ ಶತಮಾನದಿಂದ, ಶನಿವಾರ ಭಾನುವಾರ ಎರಡನ್ನೂ ಅಧಿಕೃತವಾಗಿ ಮನ್ನಿಸುತ್ತದೆ. 1863ರಲ್ಲಿ ಅಮೆರಿಕದಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಶನಿವಾರಕ್ಕೆ ಮರಳಿತು. ಇಸ್ಲಾಮಿನಲ್ಲಿ ಶುಕ್ರವಾರ ಮಧ್ಯಾಹ್ನದ ಸಾಮೂಹಿಕ ನಮಾಜಿನ ಕರೆ ಬಂದಾಗ ವ್ಯಾಪಾರ ನಿಲ್ಲಿಸಬೇಕೆಂದು ಕುರಾನ್ ಹೇಳುತ್ತದೆ; ನಮಾಜು ಮುಗಿದ ಮೇಲೆ ದುಡಿಮೆಗೆ ಮರಳಬಹುದು, ದಿನವಿಡೀ ಬಿಡುವಿನ ವಿಧಿಯಿಲ್ಲ.

ಭಾರತದಲ್ಲಿ ಸಬ್ಬತ್ತಿನ ಅತ್ಯಂತ ಹೃದ್ಯವಾದ ಸಾಕ್ಷ್ಯ ಕೊಂಕಣ ತೀರದ್ದು. ಹಡಗು ಒಡೆದು ನವಗಾಂವ್ ಬಳಿ ದಡ ಸೇರಿದ ಏಳು ದಂಪತಿಗಳ ಸಂತತಿ ತಾವು ಎನ್ನುವ ಬೆನೆ ಇಸ್ರಾಯೇಲ್ ಯೆಹೂದ್ಯರು ಮರಾಠಿ ಮಾತಾಡುತ್ತ, ಗಾಣದಲ್ಲಿ ಎಣ್ಣೆ ತೆಗೆಯುತ್ತ ಹಳ್ಳಿಗಳಲ್ಲಿ ಬದುಕಿದರು. ಗ್ರಂಥವಿಲ್ಲ, ರಬ್ಬಿಯಿಲ್ಲ, ಹೀಬ್ರೂ ಹೆಚ್ಚುಕಡಿಮೆ ಮರೆತೇಹೋಗಿತ್ತು. ಆದರೂ ಶನಿವಾರ ಗಾಣ ತಿರುಗುತ್ತಿರಲಿಲ್ಲ. ಊರವರು ಅವರನ್ನು ‘ಶನಿವಾರ್ ತೇಲಿ’ಗಳೆಂದು ಕರೆದರು, ಸೋಮವಾರ ಗಾಣ ನಿಲ್ಲಿಸುತ್ತಿದ್ದ ಹಿಂದೂ ಗಾಣಿಗರು ‘ಸೋಮವಾರ್ ತೇಲಿ’ಗಳು. ಗ್ರಂಥ ಕೈತಪ್ಪಿದ ಮೇಲೂ ಕುಟುಂಬಗಳು ಒಟ್ಟಾಗಿ ಹಿಡಿದ ಒಂದು ಬಿಡುವು ಅವರ ಧರ್ಮದ ಗುರುತನ್ನು ಕಾಪಾಡಿತು. ಇವರ ಮೊದಲ ಸಭಾಮಂದಿರವನ್ನು 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದವರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಕಂಪನಿ ಸೈನ್ಯದಲ್ಲಿದ್ದ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಗಿದ್ದರೆಂದೂ ಬದುಕಿ ಬಂದುದಕ್ಕೆ ಹರಕೆಯಾಗಿ ಅದನ್ನು ಕಟ್ಟಿಸಿದರೆಂದೂ ಸಮುದಾಯದ ನೆನಪು ಹೇಳುತ್ತದೆ. ದ್ರಾಕ್ಷಾರಸ ಸುಲಭವಾಗಿ ಸಿಗದ ಈ ಸೀಮೆಯಲ್ಲಿ ಒಣದ್ರಾಕ್ಷಿ ನೆನೆಸಿ ಮಾಡಿದ ಶರಬತ್ತಿನಿಂದಲೇ ಕಿದ್ದುಷ್ ನಡೆಯುತ್ತ ಬಂದಿದೆ.

ಸೋಮವಾರದ ಆ ನಿಲುಗಡೆ ಕನ್ನಡ ನಾಡಿನವರಿಗೂ ಹೊಸದಲ್ಲ. ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಹೂಡದ ರೈತರು ಕರ್ನಾಟಕದ ಅನೇಕ ಕಡೆ ಇದ್ದಾರೆ. ಇದಕ್ಕೂ ಸಬ್ಬತ್ತಿಗೂ ಚಾರಿತ್ರಿಕ ನಂಟನ್ನು ಕಲ್ಪಿಸಬೇಕಾಗಿಲ್ಲ. ಎತ್ತಿಗೂ ಒಂದು ದಿನ ಸಲ್ಲಬೇಕು, ಆ ದಿನವನ್ನು ಊರೇ ಸೇರಿ ಹಿಡಿಯಬೇಕು ಎಂಬ ಧರ್ಮಬುದ್ಧಿ ಎರಡೂ ಕಡೆ ಬೇರೆ ಬೇರೆಯಾಗಿಯೇ ಮೂಡಿದೆ.

ಬಿಡುವನ್ನು ಎಲ್ಲರಿಂದ ಬೇರ್ಪಡಿಸಿ ಒಬ್ಬೊಬ್ಬರಿಗೆ ಹಂಚಿದರೆ ಏನಾಗುತ್ತದೆ ಎಂಬುದನ್ನು ಸೋವಿಯತ್ ಒಕ್ಕೂಟ ಪ್ರಯೋಗ ಮಾಡಿಯೇ ನೋಡಿತು. ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು 1929ರಲ್ಲಿ ಅಲ್ಲಿ ಐದು ದಿನಗಳ ವಾರ ಬಂತು. ಕೆಲಸಗಾರರನ್ನು ಐದು ಬಣ್ಣದ ಗುಂಪುಗಳಾಗಿ ಮಾಡಿ, ಒಂದೊಂದು ಬಣ್ಣಕ್ಕೆ ಒಂದೊಂದು ದಿನ ರಜೆ ಕೊಟ್ಟರು. ಲೆಕ್ಕದಲ್ಲಿ ರಜೆ ಹೆಚ್ಚಿತು. ಏಳಕ್ಕೊಂದು ಇದ್ದದ್ದು ಐದಕ್ಕೊಂದಾಯಿತು. ಆದರೆ ಗಂಡನ ಬಣ್ಣ ಒಂದು, ಹೆಂಡತಿಯದು ಇನ್ನೊಂದು. ಮನೆಯಲ್ಲಿ ಯಾರೂ ಇಲ್ಲದ ದಿನ ರಜೆಯಿದ್ದು ಏನು ಮಾಡುವುದೆಂದು ಕಾರ್ಮಿಕರು ಪ್ರಾವ್ದಾ ಪತ್ರಿಕೆಗೆ ದೂರು ಬರೆದರು. ಚರ್ಚಿಗೆ ಹೋಗುವ ರೂಢಿಯೂ ಮುರಿದುಬಿತ್ತು. 1931ರಲ್ಲಿ ಎಲ್ಲರಿಗೂ ಒಂದೇ ದಿನ ರಜೆಯಿರುವ ಆರು ದಿನಗಳ ವಾರವನ್ನು ತಂದರು, 1940ರಲ್ಲಿ ಏಳು ದಿನಗಳ ವಾರಕ್ಕೇ ಮರಳಿದರು.

ಮುಂಬಯಿಯ ಗಿರಣಿ ಕಾರ್ಮಿಕರು ಭಾನುವಾರವನ್ನು ಪಡೆದುದೂ ಒಗ್ಗಟ್ಟಿನಿಂದಲೇ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಕಾರ್ಮಿಕರನ್ನು ಸಂಘಟಿಸಿ, ಮನವಿಗಳಿಗೆ ಸಾವಿರಾರು ಸಹಿ ಕೂಡಿಸಿ ಹೋರಾಡಿದರು. ಭಾನುವಾರ ಖಂಡೋಬನ ವಾರ ಎಂಬುದು ಅವರು ಮುಂದಿಟ್ಟ ಕಾರಣಗಳಲ್ಲಿ ಒಂದು. ಖಂಡೋಬನೆಂದರೆ ಕನ್ನಡಿಗರ ಮೈಲಾರಲಿಂಗ. 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದರು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯೂ ಕಾರ್ಮಿಕರಿಗೆ ವಾರಕ್ಕೊಂದು ರಜೆಯನ್ನು ವಿಧಿಸಿತು. ಆದರೆ ಕಾರ್ಖಾನೆಯ ಗೇಟಿನಾಚೆ, ಮನೆಗಳಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಹೆಂಗಸರು ಆ ಕಾಯ್ದೆಯ ಒಳಗೆ ಬರಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಪರಂಪರೆಯೊಂದು ಯಜಮಾನನ ಮಗಳ ಸಾಲಿನಲ್ಲೇ ಮನೆಯ ದಾಸಿಯ ಹೆಸರನ್ನು ಬರೆದಿತ್ತು. ಮನೆಗೆಲಸದವರಿಗೆ ವಾರಕ್ಕೆ ಎಡೆಬಿಡದ 24 ಗಂಟೆಗಳ ಬಿಡುವು ಸಲ್ಲಬೇಕೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೆಯ ಒಡಂಬಡಿಕೆ ಬಂದದ್ದು 2011ರಲ್ಲಿ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಸಂಬಳ ಕಡಿಯದೆ ವಾರಕ್ಕೊಂದು ದಿನ ಅವರನ್ನು ಮನೆಗೆ ಕಳಿಸಲು ಯಾವ ಮನೆಯೂ ಆ ಸಹಿಗಾಗಿ ಕಾಯಬೇಕಾಗಿಲ್ಲ.